ಜೋಡಿ ಸರಿ ಐತಿ ಎಂದು ಕೂಗಿದವನು

ಮಾಬುಸಾಬ, ಆ ಕುಸ್ತಿ ತನ್ನಿಂದ ಆಗುವುದಿಲ್ಲವೆಂದು ಹುಲಿಗೆಪ್ಪ ನನ್ನ ಬಳಿ ಬಂದು ಹೇಳಿದ್ದ. ಹೇಗಾದರೂ ತಪ್ಪಿಸು ಎಂದು ಕೇಳಿಕೊಂಡಿದ್ದ. ತಪ್ಪಿಸುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ. ಅದಾದ ಆರನೆಯ ದಿನ ಕುರುಗೋಡಿನ ಕಣದಲ್ಲಿ, ಅಷ್ಟು ಜನರ ಎದುರು, ನಿಮ್ಮಿಬ್ಬರ ನಡುವೆ ನಿಂತು ‘ಜೋಡಿ ಸರಿ ಐತಿ’ ಎಂದು ಕೂಗಿದವನೂ ನಾನೇ.

ಹನ್ನೊಂದು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ನಿನಗೆ ಹೇಳಬೇಕಿತ್ತು, ಎಲ್ಲರಿಗಿಂತ ಮೊದಲು. ಎಷ್ಟೋ ಸಲ ಹೇಳಲೆಂದೇ ಬಳ್ಳಾರಿಯ ಬಸ್ಸು ಹತ್ತಿದ್ದೇನೆ. ಕೌಲ್ ಬಜಾರಿನ ನಿನ್ನ ಟ್ರಂಕಿನ ಅಂಗಡಿಯ ಮುಂದೆ ಕುಳಿತು ಚಹಾ ಕುಡಿದಿದ್ದೇನೆ. ತಗಡು ಬಡಿಯುವ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಎದ್ದು ಬಂದಿದ್ದೇನೆ.

ನಿನಗೆ ಕನ್ನಡ ಓದಲು ಬರುವುದಿಲ್ಲ, ನಿನ್ನ ಸೊಸೆ ಓದಿ ಹೇಳುತ್ತಾಳೆ. ಆಕೆಗೆ ನಮ್ಮ ಕಣದ ಪದ್ಧತಿ ತಿಳಿದಿರಲಿಕ್ಕಿಲ್ಲ. ಅಮ್ಮಾ, ನಿನಗಾಗಿ ಇಷ್ಟು ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ದೊಡ್ಡ ಪೈಲ್ವಾನರು ಕಣಕ್ಕೆ ಇಳಿಯುವ ಮೊದಲು ಒಬ್ಬ ಹಿರಿಯ ಜೋಡಿ ನೋಡುತ್ತಾನೆ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಹೆಗಲು ಒತ್ತಿ, ಕುತ್ತಿಗೆ ಹಿಡಿದು, ತೂಕ ವಯಸ್ಸು ದಮ್ಮು ಎಲ್ಲವನ್ನೂ ಕಣ್ಣಲ್ಲೇ ಅಳೆಯುತ್ತಾನೆ. ‘ಜೋಡಿ ಸರಿ ಐತಿ’ ಎಂದರೆ ಕುಸ್ತಿ. ‘ಜೋಡಿ ಆಗಲ್ಲ’ ಎಂದರೆ ಅಲ್ಲಿಗೆ ಮುಗಿಯಿತು. ಯಾರೂ ಸೋತಂತಲ್ಲ, ಯಾರಿಗೂ ನಾಚಿಕೆಯಿಲ್ಲ, ಇಬ್ಬರೂ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಹೊರಗೆ ಬರುತ್ತಾರೆ. ಆದರೆ ಒಮ್ಮೆ ಕೈ ಕೊಟ್ಟ ಪೈಲ್ವಾನ ತನ್ನ ಬಾಯಿಂದ ಒಲ್ಲೆ ಎನ್ನುವಂತಿಲ್ಲ. ಅಂದವನ ಹೆಸರು ಆ ಊರಿನಲ್ಲಿ ಅವತ್ತೇ ಸತ್ತುಹೋಗುತ್ತದೆ. ಮೈಯಲ್ಲಿ ಏನೇ ನೋವಿರಲಿ, ಮಾನದಿಂದ ಹೊರಗೆ ಬರಲು ಅವನಿಗೆ ಇರುವುದು ಒಂದೇ ಬಾಗಿಲು, ಜೋಡಿ ನೋಡುವವನ ಬಾಯಿ. ನಮ್ಮ ಮೂರು ತಾಲೂಕಿಗೆ ಮೂವತ್ತು ವರ್ಷ ಆ ಬಾಯಿ ನನ್ನದಾಗಿತ್ತು.

ನಾನು ದೊಡ್ಡ ಪೈಲ್ವಾನನಲ್ಲ. ಹತ್ತನೇ ತರಗತಿ ಮುಗಿಸಿ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ತೂಕ ಮಾಡುವ ಕೆಲಸಕ್ಕೆ ಸೇರಿದವನು. ಹಮಾಲರ ಬೆನ್ನ ಮೇಲಿನ ಚೀಲ ನೋಡಿದರೆ ಸಾಕು, ಎಷ್ಟು ಕಿಲೋ ಎಂದು ಹೇಳುತ್ತಿದ್ದೆ. ಆ ಕಣ್ಣಿನಿಂದಲೇ ಜೋಡಿ ನೋಡಲು ಕರೆಯತೊಡಗಿದರು. ನನ್ನ ಕಣ್ಣು ತಪ್ಪುವುದಿಲ್ಲ ಎಂಬ ಹೆಸರೂ ಬಂತು. ಆ ಹೆಸರಿನ ಮೇಲೆ ನನಗೆ... ಇರಲಿ, ಅದು ಮುಂದೆ ಬರುತ್ತದೆ.

ನೀವಿಬ್ಬರೂ ಪ್ರಾಯದಲ್ಲಿದ್ದಾಗ ತೆಕ್ಕಲಕೋಟೆಯಲ್ಲಿ ನಿಮ್ಮ ಜೋಡಿ ನನ್ನ ಮುಂದೆ ಬಂದಿತ್ತು. ನಿನಗೆ ನೆನಪಿರುತ್ತದೆ. ಕೌಲ್ ಬಜಾರಿನ ಮಾಬುಸಾಬ, ಕೆಂಚನಗುಡ್ಡದ ಹುಲಿಗೆಪ್ಪ — ಆಗ ಈ ಎರಡು ಹೆಸರಿಗೆ ಬಯಲು ತುಂಬುತ್ತಿತ್ತು. ನೀನು ಅವನಿಗಿಂತ ಹದಿನೆಂಟು ಇಪ್ಪತ್ತು ಕಿಲೋ ಹೆಚ್ಚಿದ್ದೆ. ಅವನು ಹೊಳೆಯಲ್ಲಿ ಹರಗೋಲು ಹಾಕುವವನು, ಉದ್ದನೆಯ ಮೈ, ತೋಳಿನಲ್ಲಿ ತಾಳ್ಮೆ ಇತ್ತು, ತೂಕ ಇರಲಿಲ್ಲ. ನಾನು ‘ಜೋಡಿ ಆಗಲ್ಲ’ ಎಂದೆ. ಅದು ನ್ಯಾಯವಾದ ಮಾತು. ಇವತ್ತಿಗೂ ಹಾಗೆಯೇ ಹೇಳುತ್ತೇನೆ. ಜನ ಕಲ್ಲು ತೂರಿದರು, ನಾನು ಲಾರಿಯ ಕೆಳಗೆ ನುಸುಳಿ ಪಾರಾದೆ.

ಆ ಮಾತು ಇಪ್ಪತ್ತೆರಡು ವರ್ಷ ನನ್ನ ಬೆನ್ನು ಬಿಡಲಿಲ್ಲ. ಗಿರಣಿಯ ಮುಂದಿನ ಚಹಾದಂಗಡಿಯಲ್ಲಿ ಹಮಾಲಿ ಈರಣ್ಣ ದಿನಾ ಕೆಣಕುತ್ತಿದ್ದ.

“ಏನಪ ಪಂಪಣ್ಣ, ಭತ್ತದ ಚೀಲ ಆದ್ರ ಕಣ್ಣಾಗ ತೂಗ್ತಿ. ಪೈಲ್ವಾನ್ರನ್ನ ತೂಗು ಅಂದ್ರ ತಕ್ಕಡಿ ನಡುಗ್ತತೇನು?”

“ಲೇ, ಅವತ್ತು ಹುಲಿಗೆಪ್ಪಗ ಪೆಟ್ಟಾಗ್ತಿತ್ತು.”

“ಹುಲಿಗೆಪ್ಪ ಗೆಲ್ತಿದ್ದ ಬಿಡು! ನೀ ಹಿಂದಿನ ದಿನ ಕೌಲ್ ಬಜಾರದಾಗ ಬಿರಿಯಾನಿ ತಿಂದು ಬಂದಿದ್ಯಂತ. ಊರೆಲ್ಲ ಮಾತಾಡ್ತತಿ.”

ಬಳ್ಳಾರಿಗೆ ಬಂದರೆ ಇದೇ ಮಾತು ತಿರುವಿ ಕೇಳುತ್ತಿತ್ತು — ಸಿರುಗುಪ್ಪದ ಅಕ್ಕಿ ಉಂಡವನು, ಹುಲಿಗೆಪ್ಪನ ಮಾನ ಉಳಿಸಿದ ಎಂದು. ನಾನು ನಗುತ್ತಿದ್ದೆ. ಮನಸ್ಸಿನಲ್ಲಿ ನಗು ಇರಲಿಲ್ಲ. ನೀವಿಬ್ಬರೂ ಆಡಿದ್ದರೆ ಏನಾಗುತ್ತಿತ್ತು? ಈ ಪ್ರಶ್ನೆ ಮೆಲ್ಲಮೆಲ್ಲಗೆ ನನ್ನನ್ನು ಹಿಡಿದುಕೊಂಡಿತು. ವರ್ಷ ವರ್ಷ ನಿಮ್ಮ ಮೈ ಮಾಗುವುದನ್ನು ನೋಡುತ್ತ, ನನ್ನೊಳಗೇ ನಿಮ್ಮನ್ನು ಕುಸ್ತಿಗೆ ಬಿಡುತ್ತಿದ್ದೆ. ನಲವತ್ತು ದಾಟಿದಾಗ ನಿನ್ನ ಬಲ ಮೊಣಕಾಲು ಊದತೊಡಗಿತು. ಹುಲಿಗೆಪ್ಪನಿಗೆ ಹೊಟ್ಟೆ ಬಂತು, ಅವನ ತೂಕ ನಿನ್ನ ತೂಕದ ಹತ್ತಿರ ಬಂತು. ನಿನಗೆ ದಮ್ಮು ಐದು ನಿಮಿಷ. ಅವನಿಗೆ ಹತ್ತು. ಐದು ನಿಮಿಷದೊಳಗಾದರೆ ಮಾಬು, ದಾಟಿದರೆ ಹುಲಿಗೆಪ್ಪ. ಐವತ್ತು ಮುಟ್ಟುವ ಹೊತ್ತಿಗೆ ಒಂದು ದಿನ ಥಟ್ಟನೆ ಹೊಳೆಯಿತು: ಪ್ರಾಯದಲ್ಲಿ ಆಗದ ಜೋಡಿ ಮುಪ್ಪಿನಲ್ಲಿ ಸರಿಯಾಗಿದೆ. ಒಬ್ಬನ ಕೊರತೆಗೆ ಇನ್ನೊಬ್ಬನ ಕೊರತೆ ತೂಗಿ ನಿಂತಿದೆ. ಅವತ್ತು ನಾನು ಊಟ ಮರೆತೆ, ಮಾಬು. ಹುಚ್ಚನ ಹಾಗೆ ಖುಷಿಪಟ್ಟೆ.

ಆಮೇಲೆ ಕುರುಗೋಡಿನ ಗರಡಿಗೆ ಹೊಸ ಮಾಳಿಗೆ ಹಾಕಿದರು. ಯುಗಾದಿಯ ಮರುದಿನ ಹಳೆಯ ಪೈಲ್ವಾನರ ಕುಸ್ತಿ ಇಡೋಣ ಎಂದರು. ಯಾರ ಜೋಡಿ ಎಂದು ಕೇಳಿದಾಗ ನಿಮ್ಮಿಬ್ಬರ ಹೆಸರು ತೆಗೆದವನು ನಾನು. ಹಿರಿಯರೆಲ್ಲ ಸೇರಿದ್ದ ಆ ಮಾಳಿಗೆಯ ಕೆಳಗೆ ನೀವಿಬ್ಬರೂ ನಗುತ್ತ ಕೈ ಕೊಟ್ಟಿರಿ. “ಪಂಪಣ್ಣ, ಇನ್ನಾದ್ರೂ ನಮ್ಮನ್ನ ಬಿಡ್ತಿಯೋ, ಗೋರಿಗಿ ಹೋದ ಮ್ಯಾಲ ಜೋಡಿ ಕಟ್ತಿಯೋ?” ಎಂದು ನೀನು ಹಾಸ್ಯ ಮಾಡಿದೆ. ಹುಲಿಗೆಪ್ಪನೂ ನಕ್ಕ. ಅವನು ಆಗ ಎಡಗೈಯನ್ನು ಹೆಗಲ ಟವೆಲಿನ ಕೆಳಗೆ ಇಟ್ಟುಕೊಂಡಿದ್ದ. ನನ್ನ ಕಣ್ಣು ತಪ್ಪುವುದಿಲ್ಲ ಎನ್ನುತ್ತಿದ್ದರಲ್ಲ. ಅದನ್ನೂ ಕಂಡಿತ್ತು. ಚಳುಕು ಇರಬಹುದು ಎಂದುಕೊಂಡೆ.

ಕುಸ್ತಿಗೆ ಆರು ದಿನ ಇತ್ತು. ಮಧ್ಯಾಹ್ನ ಗಿರಣಿಯಲ್ಲಿ ಎಲ್ಲರೂ ಉಣ್ಣಲು ಹೋದ ಹೊತ್ತು. ಹುಲಿಗೆಪ್ಪ ಒಬ್ಬನೇ ಬಂದ. ಚೀಲದ ಮೇಲೆ ಕುಳಿತ. ಕೆಳಗೆ ಬಿದ್ದ ಭತ್ತದ ಕಾಳು ಆರಿಸತೊಡಗಿದ. ಆಮೇಲೆ ಹೇಳಿದ:

“ಪಂಪಣ್ಣ, ಎಡಗೈ ನಂದಲ್ಲ ಅನ್ನಂಗ ಆಗೈತಿ. ಊಟ ಮಾಡಾಗ ತಾಟು ಹಿಡ್ದಿರ್ತೀನಿ, ಹೆಂಡ್ತಿ ಗಂಗಿ ನೋಡಿ ‘ತಾಟು ಬಿತ್ತು’ ಅಂದ್ರನ ನನಗ ಗೊತ್ತಾಗದು. ಬಳ್ಳಾರ್ಯಾಗ ಡಾಕ್ಟರ್ ಕುತಿಗಿ ಎಲುಬು ಸವದೈತಿ ಅಂದ್ರು. ಭಾರ ಹಾಕಿದ್ರ ಕೆಟ್ಟೀತು ಅಂದ್ರು.”

“ಮತ್ತ ಅವತ್ತು ಯಾಕ ಕೈ ಕೊಟ್ಟಿ?”

“ಎಲ್ಲರ ಮುಂದ ಹೆಂಗ ಒಲ್ಲೆ ಅನ್ಲಿ? ಮಾಬುಭಾಯ್ ನಕ್ಕೋಂತ ಕೈ ಚಾಚಿದ್ದ...” ಅವನು ನನ್ನ ಮುಖ ನೋಡಲಿಲ್ಲ. “ನೀ ಜೋಡಿ ಆಗಲ್ಲ ಅಂದುಬಿಡು. ತೆಕ್ಕಲಕೋಟ್ಯಾಗ ಅಂದಿದ್ಯಲ್ಲ, ಹಂಗ. ಮೊಣಕಾಲು ಸರಿ ಇಲ್ಲ ಅನ್ನು, ವಯಸ್ಸು ಅನ್ನು, ಏನರ ಅನ್ನು. ನಾ ಕೇಳಿದೆ ಅಂತ ಮಾತ್ರ ಯಾರಿಗೂ ಗೊತ್ತಾಗಬಾರದು. ಗಂಗಿಗೂ ಹೇಳಿಲ್ಲ ನಾ ಇಲ್ಲಿಗೆ ಬಂದದ್ದು.”

“ಆತು ಬಿಡು. ನಾ ಅದೀನಲ್ಲ,” ಎಂದೆ.

ಅಷ್ಟು ದೊಡ್ಡ ಮೈಯವನು ಕಣ್ಣಿಗೆ ಟವೆಲು ಒತ್ತಿಕೊಂಡ. ನನ್ನ ಮುಂದೆ ಯಾವ ಪೈಲ್ವಾನನೂ ಹಾಗೆ ಬಿಚ್ಚಿಕೊಂಡಿರಲಿಲ್ಲ. ಮಾತು ಕೊಟ್ಟಾಗ ನನ್ನ ಮನಸ್ಸಿನಲ್ಲಿ ಮೋಸ ಇರಲಿಲ್ಲ. ಇರಲಿಲ್ಲವೇ? ಈಗ ಹಿಂತಿರುಗಿ ನೋಡಿದರೆ ಅದೂ ಗಟ್ಟಿಯಾಗಿ ಹೇಳಲಾರೆ. ಅವನು ಎದ್ದು ಹೋದ ಮೇಲೆ ನನಗೆ ಅವನ ಮೇಲೆ ಮರುಕ ಬರುವುದಕ್ಕೆ ಮೊದಲು ಬಂದದ್ದು ಸಿಟ್ಟು. ಇಪ್ಪತ್ತೆರಡು ವರ್ಷ ಕಾದದ್ದು ಕೈ ಜಾರಿತಲ್ಲ ಎಂಬ ಸಿಟ್ಟು.

ಆ ದಿನ ಕುರುಗೋಡಿಗೆ ಎಷ್ಟು ಜನ ಬಂದಿದ್ದರೆಂದು ನೀನೇ ಕಂಡಿದ್ದೆ. ಮಾಳಿಗೆಯ ಮೇಲೆ, ಬೇವಿನ ಮರದ ಮೇಲೆ, ಟ್ರ್ಯಾಕ್ಟರುಗಳ ಮೇಲೆ. ನೀವಿಬ್ಬರೂ ಕೆಂಪು ಮಣ್ಣಿಗೆ ಇಳಿದಾಗ ಎದ್ದ ಕೂಗು ನನ್ನ ಎದೆಯೊಳಗೆ ಹೊಕ್ಕಿತು. ನಾನು ನಡುವೆ ನಿಂತೆ. ಮೊದಲು ನಿನ್ನ ಹೆಗಲು ಒತ್ತಿದೆ. ಆಮೇಲೆ ಹುಲಿಗೆಪ್ಪನ ಕುತ್ತಿಗೆಯ ಮೇಲೆ ಕೈ ಇಟ್ಟೆ. ಅವನು ತಲೆ ತಗ್ಗಿಸಿದ, ನನಗೆ ಅನುಕೂಲವಾಗಲಿ ಎಂಬಂತೆ. ಆಗ ಎದುರಿನ ಸಾಲಿನಿಂದ ಈರಣ್ಣ ಕೂಗಿದ:

“ಯಪ್ಪಾ ಪಂಪಣ್ಣ, ಇವತ್ತೂ ಲಾರಿ ತಂದೀಯೇನು, ಕೆಳಗ ಹೋಗಾಕ?”

ಬಯಲೆಲ್ಲ ನಕ್ಕಿತು. ನೀನೂ ನಕ್ಕೆ. ನನ್ನ ಕಿವಿ ಕಾದವು. ನನ್ನ ಬೆರಳಿನ ಕೆಳಗೆ ಅವನ ಕುತ್ತಿಗೆ ಗಟ್ಟಿಯಾಗಿಯೇ ಇತ್ತು, ಮರದ ಬೊಡ್ಡೆಯ ಹಾಗೆ. ಒತ್ತಿದೆ, ಅವನು ಮಿಸುಕಲಿಲ್ಲ. ಡಾಕ್ಟರು ಸುಮ್ಮನೆ ಹೆದರಿಸುತ್ತಾರೆ, ಐದು ನಿಮಿಷದ ಆಟ, ಏನಾದೀತು ಎಂದುಕೊಂಡೆ. ಅಲ್ಲ, ಅಷ್ಟನ್ನೂ ಅಂದುಕೊಳ್ಳಲಿಲ್ಲ. ಇವೆಲ್ಲ ಆಮೇಲೆ ನಾನು ಹೊಲಿದುಕೊಂಡ ಮಾತುಗಳು. ಆ ಕ್ಷಣದಲ್ಲಿ ಇದ್ದದ್ದು ಒಂದೇ: ಇವತ್ತು ಬಿಟ್ಟರೆ ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ಯಾರು ಹೆಚ್ಚು ಎಂದು ಗೊತ್ತಾಗುವುದಿಲ್ಲ. ನನ್ನ ಲೆಕ್ಕ ಸರಿಯೋ ತಪ್ಪೋ ಗೊತ್ತಾಗುವುದಿಲ್ಲ.

“ಜೋಡಿ ಸರಿ ಐತಿ!”

ಹುಲಿಗೆಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಇಷ್ಟು ವರ್ಷ ಬದುಕುವುದು ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಅವನು ನಾನೇನೋ ತಿಳಿದೇ ಹೇಳಿರಬೇಕು ಎಂದು ನಂಬಿದ. ಕುತ್ತಿಗೆ ಒತ್ತಿ ನೋಡಿದ ನನ್ನ ಕೈಗೆ ಅದು ತಡೆಯುತ್ತದೆ ಎಂದು ತಿಳಿದಿರಬೇಕು ಎಂದುಕೊಂಡ — ಮಾಬು, ಅವನು ನನ್ನ ಕಣ್ಣನ್ನು ಡಾಕ್ಟರಿಗಿಂತ ಹೆಚ್ಚು ನಂಬಿಬಿಟ್ಟ. ಮಣ್ಣು ತೆಗೆದು ನಿನ್ನ ತೋಳಿಗೆ ಹಚ್ಚಿದ, ನೀನು ಅವನ ತೋಳಿಗೆ ಹಚ್ಚಿದೆ.

ಮೊದಲ ನಾಲ್ಕು ನಿಮಿಷ ನಾನು ಲೆಕ್ಕ ಹಾಕಿದ ಹಾಗೆಯೇ ನಡೆಯಿತು. ನೀನು ಮುಂದೆ ಮುಂದೆ ನುಗ್ಗಿದೆ. ಅವನು ಹಿಂದೆ ಸರಿಯುತ್ತ ನಿನ್ನ ಉಸಿರು ತಿಂದ. ಅವನ ಎಡಗೈ ಮೇಲೆ ಬರುತ್ತಿರಲಿಲ್ಲ, ನಾನು ನೋಡಿದೆ. ಬಲಗೈ ಒಂದರಲ್ಲೇ ನಿನ್ನನ್ನು ತಡೆಯುತ್ತಿದ್ದಾನೆ ಎಂದೂ ನೋಡಿದೆ. ನಾನು ನಿಲ್ಲಿಸಬಹುದಿತ್ತು. ಜೋಡಿ ನೋಡಿದವನಿಗೆ ಆ ಹಕ್ಕೂ ಇದೆ, ಕಣಕ್ಕೆ ಟವೆಲು ಎಸೆದರೆ ಸಾಕು. ಟವೆಲು ನನ್ನ ಹೆಗಲ ಮೇಲೆಯೇ ಇತ್ತು. ನನ್ನ ಲೆಕ್ಕ ಸರಿಯಾಗುತ್ತಿದೆ ಎಂದು ನಾನು ಸಂತೋಷಪಡುತ್ತಿದ್ದೆ.

ನೀನು ಅವನ ಕುತ್ತಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಿರುವಿದೆ. ಸಾವಿರ ಸಲ ಹಾಕಿದ ಪಟ್ಟು, ಎಲ್ಲ ಗರಡಿಯಲ್ಲೂ ಕಲಿಸುವ ಪಟ್ಟು. ಅದರಿಂದ ಬಿಡಿಸಿಕೊಳ್ಳಬೇಕಾದರೆ ಎಡಗೈ ಎದ್ದು ನಿನ್ನ ಮಣಿಕಟ್ಟು ಹಿಡಿಯಬೇಕು. ಅದು ಏಳಲಿಲ್ಲ. ಅವನು ಸುಮ್ಮನೆ ಮಣ್ಣಿನ ಮೇಲೆ ಜಾರಿದ. ನೀನು ಗೆದ್ದೆನೆಂದು ಎದ್ದೆ, ಜನ ನಿನ್ನನ್ನು ಎತ್ತಿಕೊಂಡರು. ಜನರ ಹೆಗಲ ಮೇಲಿಂದ ನೀನು “ಹುಲಿಗೆ, ಏಳೋ, ಏಳು ಮಾರಾಯಾ” ಎಂದು ನಗುತ್ತ ಕರೆದೆ. ಎರಡನೆಯ ಸಲ ಕರೆದಾಗ ನಿನ್ನ ದನಿಯಲ್ಲಿ ನಗು ಇರಲಿಲ್ಲ.

ಆಮೇಲಿನದನ್ನು ನನಗಿಂತ ನೀನೇ ಹೆಚ್ಚು ಬಲ್ಲೆ. ಕುತ್ತಿಗೆಯಿಂದ ಕೆಳಗೆ ಏನೂ ಉಳಿಯಲಿಲ್ಲ. ಕೆಂಚನಗುಡ್ಡದ ಆ ಮನೆಯಲ್ಲಿ ಹತ್ತು ವರ್ಷಕ್ಕೂ ಮೇಲೆ ಮಂಚದ ಮೇಲೆ ಬಿದ್ದಿದ್ದ. ನೀನು ಗರಡಿಗೆ ಹೋಗುವುದನ್ನೇ ಬಿಟ್ಟೆ. ಶುಕ್ರವಾರದ ನಮಾಜು ಮುಗಿಸಿ ಬಸ್ಸು ಹತ್ತಿ ಹೋಗಿ ಅವನ ಗಡ್ಡ ಹೆರೆದು, ಬೆನ್ನಿಗೆ ಎಣ್ಣೆ ಹಚ್ಚಿ, ಗಂಗಮ್ಮ ಕೊಟ್ಟ ರೊಟ್ಟಿ ತಿಂದು ಬರುತ್ತಿದ್ದೆ. ಊರಿನಲ್ಲಿ ಕೆಲವರು ನೀನು ಬೇಕೆಂದೇ ತಿರುವಿದೆ ಎಂದರು. ಇನ್ನೂ ಕೆಟ್ಟದ್ದನ್ನೂ ಅಂದರು, ನಿನ್ನ ಜಾತಿ ಹಿಡಿದು ಅಂದರು. ನನ್ನ ಎದುರಿಗೇ ಅಂದರು. ನಾನು ‘ಛೇ, ಹಂಗ ಅನಬಾರದು’ ಎಂದಷ್ಟೇ ಹೇಳಿ ಬೀಡಿ ಹಚ್ಚಿಕೊಂಡೆ.

ಒಂದು ಸಲ ಧೈರ್ಯ ಮಾಡಿ ಹುಲಿಗೆಪ್ಪನ ಬಳಿಗೆ ಹೋದೆ. ಅದು ಅವನು ಬಿದ್ದ ಮೂರನೆಯ ವರ್ಷ. ಗಂಗಮ್ಮ ಹೊಳೆಗೆ ಹೋಗಿದ್ದಳು. ಮಂಚದ ಪಕ್ಕದಲ್ಲಿ ಕುಳಿತು, ನನ್ನದು ತಪ್ಪಾಯಿತು ಎಂದೆ. ಅವನು ಸೂರು ನೋಡುತ್ತಿದ್ದ.

“ನನಗ ನೀ ಯಾಕ ಹಂಗಂದಿ ಅಂತ ಕೇಳಾಕ ಬೇಕಾಗಿತ್ತು. ಈಗ ಬ್ಯಾಡ,” ಎಂದ.

“ಮಾಬೂಗ ಹೇಳಿಬಿಡ್ತೀನಿ, ಹುಲಿಗೆಪ್ಪ. ಅವ ತನ್ನ ಕೈಲೆ ಆತು ಅಂತ ತಿಳ್ಕಂಡಾನ.”

ಆಗ ಅವನು ಕಣ್ಣು ಹೊರಳಿಸಿ ನನ್ನನ್ನು ನೋಡಿದ. ಮೈಯಲ್ಲಿ ಅದೊಂದೇ ಹೊರಳುತ್ತಿದ್ದದ್ದು. “ಹೇಳಬ್ಯಾಡ. ಹೇಳಿದ್ರ ನಾ ಬಂದು ಕೇಳಿದ್ದೂ ಹೇಳಬೇಕಾಕ್ಕತಿ. ಕೈ ಹೋತು, ಕಾಲು ಹೋತು. ಬಂದವ್ರು ಇನ್ನೂ ‘ಹುಲಿಗೆಪ್ಪ ಅಂಜಿ ಹಿಂದ ಸರದಾವಲ್ಲ’ ಅಂತಾರ. ಗಂಗಿ ಅದನ್ನ ಕೇಳ್ಕೋಂತ ಜೀವ ಹಿಡದಾಳ. ಅದೊಂದರ ಇರ್ಲಿ ಬಿಡು. ಮಾತು ಕೊಡು.”

ಕೊಟ್ಟೆ. ಇನ್ನೇನು ಮಾಡಲಿ? ಮೊದಲ ಮಾತು ಮುರಿದವನು ಎರಡನೆಯದನ್ನು ಕೊಡುವುದಿಲ್ಲ ಎನ್ನಲು ನನಗೆ ಬಾಯಿ ಎಲ್ಲಿತ್ತು? ನಿಜ ಹೇಳುತ್ತೇನೆ, ಆ ಮನೆಯ ಹೊಸ್ತಿಲು ದಾಟುವಾಗ ನನಗೆ ಹಗುರವೆನಿಸಿತ್ತು. ಸುಮ್ಮನಿರಲು ಅಪ್ಪಣೆ ಸಿಕ್ಕಿತ್ತಲ್ಲ. ಅವನ ಮಾನ ಕಾಯುತ್ತಿದ್ದೇನೆ ಎಂದು ಹೇಳಿಕೊಂಡು ಎಂಟು ವರ್ಷ ನನ್ನ ಮಾನ ಕಾದುಕೊಂಡೆ.

ನಾಲ್ಕು ತಿಂಗಳ ಹಿಂದೆ ಅವನನ್ನು ಹೊಳೆದಂಡೆಯ ಮಣ್ಣಿಗೆ ಇಟ್ಟಾಗ ನೀನು ಒಂದು ಹಿಡಿ ಮಣ್ಣು ಹಾಕಿ, “ಈ ಕೈನ ತಿಂತು ಪಂಪಣ್ಣ ಅವನ್ನ” ಎಂದು ನನ್ನ ಹೆಗಲಿಗೆ ಒರಗಿದೆ. ಆಗಲೂ ನಾನು ನಿನ್ನ ಬೆನ್ನು ಸವರಿದೆ, ಬಾಯಿ ತೆರೆಯಲಿಲ್ಲ. ಹೋದ ವಾರ ನಿನ್ನ ಸೊಸೆ ಫೋನು ಮಾಡಿದ್ದಳು. “ಮಾವ ನಮಾಜಿಗೆ ಹೋಗ್ತಾರ್ರಿ, ಆದ್ರ ದುವಾಕ್ಕ ಕೈ ಎತ್ತಲ್ಲಂತ್ರಿ. ಮಸೀದ್ಯಾಗ ನಮ್ಮ ಮನಿಯವ್ರು ನೋಡ್ಯಾರ. ಕೇಳಿದ್ರ, ‘ಒಬ್ಬನ ಜೀವ ತಿಂದ ಕೈ, ಇದನ್ನ ಎತ್ತಿ ಏನು ಬೇಡ್ಲಿ’ ಅಂತಾರ. ನೀವು ಹಳೇ ದೋಸ್ತರು, ನೀವಾರ ಬಂದು ಹೇಳ್ರಿ,” ಎಂದಳು.

ಅಮ್ಮಾ, ಈಗ ಹೇಳಿದ್ದೇನೆ. ಎದುರಿಗೆ ಬಂದು ಹೇಳಲು ಆಗಲಿಲ್ಲ. ನಾಲ್ಕು ಸಲ ಬರೆದು ಹರಿದ ಮೇಲೆ ಇದು ಐದನೆಯದು.

ಮಾಬು, ಆ ದಿನ ನೀನು ಮಾಡಿದ್ದು ಕುಸ್ತಿ. ನಿನ್ನ ಎದುರು ನಿಂತವನಿಗೆ ಎಡಗೈ ಇಲ್ಲವೆಂದು ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಇಷ್ಟು ಸಣ್ಣ ಮಾತು ಇದು, ಮೂರು ಸಾಲಿಗೆ ಹೆಚ್ಚಿಲ್ಲ. ಇದನ್ನು ಹೇಳದೆ ಹನ್ನೊಂದು ವರ್ಷ ನಿನ್ನ ತಲೆಯ ಮೇಲೆ ಒಬ್ಬ ಮನುಷ್ಯನನ್ನು ಹೊರಿಸಿದೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅದನ್ನೂ ನೀನೇ ಹೊರಬೇಕಾಗುತ್ತದೆ.

ಈ ಕಾಗದ ನಿನ್ನ ಕೈ ಸೇರುವ ಮೊದಲು ನಾನು ಕೆಂಚನಗುಡ್ಡಕ್ಕೆ ಹೋಗಿರುತ್ತೇನೆ. ಗಂಗಮ್ಮನಿಗೆ ಇದು ಬೇರೆಯವರ ಬಾಯಿಂದ ತಿಳಿಯಬಾರದು. ಆಕೆ ಈಗಲೂ ಬಂದವರಿಗೆಲ್ಲ “ನನ್ನ ಗಂಡ ಒಲ್ಲೆ ಅಂದಾವಲ್ಲ” ಎಂದು ಹೇಳುತ್ತಾಳೆ. ಹೇಳುವಾಗ ಬೆನ್ನು ನೆಟ್ಟಗೆ ಮಾಡುತ್ತಾಳೆ. ಆಕೆಗೆ ಉಳಿದಿರುವುದು ಅದೊಂದು ಮಾತು. ಅದನ್ನು ಆಕೆಯಿಂದ ಕಿತ್ತುಕೊಳ್ಳದೆ ನಿನ್ನ ಕೈ ಬಿಡಿಸುವ ದಾರಿ ಇದೆಯೇ ಎಂದು ನಾಲ್ಕು ತಿಂಗಳು ಹುಡುಕಿದೆ. ಸಿಗಲಿಲ್ಲ. ಹುಲಿಗೆಪ್ಪನಿಗೆ ಕೊಟ್ಟ ಮೊದಲ ಮಾತನ್ನು ಕಣದಲ್ಲಿ ಮುರಿದೆ, ಎರಡನೆಯದನ್ನು ಆಕೆಯ ಮನೆಯಲ್ಲಿ, ಅವನ ಮಂಚ ಇದ್ದ ಜಾಗದ ಎದುರು ನಿಂತು ಮುರಿಯಬೇಕು.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.